ಜಂಬುನಾಥನ ಮನೆ ಪ್ರೈವೇಟ್ ಲಿಮಿಟೆಡ್ ಆದದ್ದು

ಸತ್ಯನಾರಾಯಣಪೇಟೆಯಲ್ಲಿ ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುವ ಜಂಬುನಾಥ ಒಂದು ವಿಸಿಟಿಂಗ್ ಕಾರ್ಡು ನೋಡುವ ತನಕ ಸುಖವಾಗಿದ್ದ. ಉಂಡರೆ ಅರಗುತ್ತಿತ್ತು, ಮಲಗಿದರೆ ನಿದ್ದೆ ಬರುತ್ತಿತ್ತು. ಕಾರ್ಡು ಸಿರುಗುಪ್ಪದ ಗುರುಸ್ವಾಮಿಯದು. ಅವನದೂ ಶಾಮಿಯಾನದ ಧಂದೆಯೇ. ಒಂದು ಕಾಲಕ್ಕೆ ಇಬ್ಬರೂ ಒಂದೇ ಲಗೇಜ್ ಆಟೋದಲ್ಲಿ ಕಂಬಗಳ ಮೇಲೆ ಕೂತು ಮದುವೆಗಳಿಗೆ ಹೋದವರು. ಅಂಥ ಗುರುಸ್ವಾಮಿಯ ಹೆಸರಿನ ಕೆಳಗೆ ಈಗ ಚಿನ್ನದ ಬಣ್ಣದಲ್ಲಿ 'ಮ್ಯಾನೇಜಿಂಗ್ ಡೈರೆಕ್ಟರ್' ಎಂದು ಅಚ್ಚಾಗಿತ್ತು.

ಇದೇನು ವೇಷ ಎಂದು ಜಂಬುನಾಥ ಕೇಳಿದ. ವೇಷವಲ್ಲ, ಧಂದೆಯನ್ನು ಕಂಪನಿ ಮಾಡಿಸಿದ್ದೇನೆ, ಇನ್ನು ಧಂದೆ ಮುಳುಗಿದರೂ ಮನೆ ಮುಳುಗುವುದಿಲ್ಲ ಎಂದು ಗುರುಸ್ವಾಮಿ ವಿವರಿಸಿದ. ಆಮೇಲೆ ಗೆಳೆಯನ ಮುಖವನ್ನು ಮರುಕದಿಂದ ನೋಡಿ ಹೇಳಿದ:

"ನಿಂದು ಹಂಗಲ್ಲ ನೋಡು ಜಂಬಣ್ಣ. ನಾಳಿ ಏನರ ಹೆಚ್ಚುಕಮ್ಮಿ ಆತಂದ್ರ ಸೀದಾ ನಿನ್ನ ಮನಿ ಬಾಗ್ಲಿಗೇ ಬರ್ತಾರ."

ಆ ಮನೆ ನಿಜವಾಗಿ ಜಂಬುನಾಥನದಲ್ಲ, ಹೆಂಡತಿ ಶಿವಬಸಮ್ಮನದು. ಕುರುಗೋಡಿನ ಮಾವ ಅದನ್ನು ಕಟ್ಟಿಸಿ, ಅಳಿಯನ ಮೇಲೆ ಪೂರ್ಣ ವಿಶ್ವಾಸವಿಟ್ಟು, ಮಗಳ ಹೆಸರಿಗೆ ಬರೆದಿದ್ದರು. ಎರಡು ಕೋಣೆ, ಒಂದು ಪಡಸಾಲೆ, ಮುಂದೆ ಕಾಂಪೌಂಡು. ಗಂಡಹೆಂಡಿರಿಗೆ ಇರುವ ನೆರಳು ಅದೊಂದೇ. ಅದು ಹೋದರೆ ಶಾಮಿಯಾನದ ಕೆಳಗೇ ಸಂಸಾರ ಹೂಡಬೇಕು. ಆ ರಾತ್ರಿ ಜಂಬುನಾಥನಿಗೆ ಮಗ್ಗಲು ತಿರುಗಿಸಿದಲ್ಲೆಲ್ಲಾ ಬಾಗಿಲಿಗೆ ಬರುವವರೇ ಕಂಡರು.

ಮರುದಿನವೇ ಅವನು ಹೆಂಡತಿಯನ್ನು ಕರೆದುಕೊಂಡು ಮೋತಿ ಸರ್ಕಲ್ ಹತ್ತಿರದ ಆಡಿಟರ್ ಸಂಘಮಿತ್ರಾ ಅವರ ಆಫೀಸಿಗೆ ಹೋದ. ಕಂಪನಿಗೆ ಕಡೇ ಪಕ್ಷ ಇಬ್ಬರು ಡೈರೆಕ್ಟರುಗಳು ಬೇಕೆಂದು ಗುರುಸ್ವಾಮಿ ಹೇಳಿದ್ದ. ಜಂಬುನಾಥನಿಗೆ ಗೊತ್ತಿದ್ದ, ಸಂಬಳ ಕೇಳದ ಇನ್ನೊಬ್ಬ ವ್ಯಕ್ತಿಯೆಂದರೆ ಶಿವಬಸಮ್ಮ.

ಸಂಘಮಿತ್ರಾ ಚಿಕ್ಕ ವಯಸ್ಸಿನವರು, ಮಾತು ಮೆಲ್ಲಗೆ, ಆದರೆ ಯಾವುದನ್ನೂ ಅರ್ಧಕ್ಕೆ ಬಿಡುವವರಲ್ಲ. ಕಂಪನಿ ಎಂದರೆ ಕಾನೂನಿನ ಲೆಕ್ಕದಲ್ಲಿ ಬೇರೆಯೇ ಒಬ್ಬ ವ್ಯಕ್ತಿ ಇದ್ದ ಹಾಗೆ, ಅದು ತನ್ನ ಹೆಸರಿನಲ್ಲಿ ವ್ಯಾಪಾರ ಮಾಡುತ್ತದೆ, ತನ್ನ ಹೆಸರಿನಲ್ಲಿ ಸಾಲ ಮಾಡುತ್ತದೆ ಎಂದು ಶುರುಮಾಡಿ, "ನಡುವ ಒಂದು ಗೋಡಿ ಕಟ್ಟಿದಂಗ್ರಿ. ಗೋಡಿ ಇದ್ರ ನಿಮ್ಮ ಮನಿ, ಸಾಮಾನು ಎಲ್ಲಾ ಸೇಫ್. ಆದ್ರ ಒಂದು ಮಾತು ನೆಪ್ಪಿನಾಗ ಇಟ್ಕೋಬೇಕು," ಎಂದರು.

ಆ ಒಂದು ಮಾತಿನ ಹೊತ್ತಿಗೆ ಸರಿಯಾಗಿ ಜಂಬುನಾಥನ ಫೋನು ರಿಂಗಾಯಿತು. ರೂಪನಗುಡಿಯ ಸೀಮಂತವೊಂದಕ್ಕೆ ಹೋದ ಕುರ್ಚಿಗಳಲ್ಲಿ ಕೆಲವು ಕುಂಟುತ್ತಿದ್ದವು. ಬಸುರಿಯನ್ನು ಕೂರಿಸುವ ಕುರ್ಚಿಯೇ ಕುಂಟಿದರೆ ಹೇಗೆ ಎಂದು ಸೋದರತ್ತೆ ಬೈಯುತ್ತಿದ್ದಳು. ಜಂಬುನಾಥ ಹೊರಗೆ ಮೆಟ್ಟಿಲ ಮೇಲೆ ನಿಂತು, ಕುಂಟುವ ಕಾಲಿನ ಕೆಳಗೆ ಮಡಚಿದ ರಟ್ಟು ಇಡುವ ವಿದ್ಯೆಯನ್ನು ಅವಳಿಗೆ ಕಲಿಸಿ ಒಳಗೆ ಬರುವಷ್ಟರಲ್ಲಿ ಆಡಿಟರು ಆ ಮಾತನ್ನೂ ಅದರ ಮುಂದಿನ ನಾಲ್ಕಾರು ಮಾತನ್ನೂ ಮುಗಿಸಿ, ತಿಳೀತೇನ್ರಿ ಎಂದು ಕೇಳುತ್ತಿದ್ದರು. ತಿಳೀತ್ರಿ ಮೇಡಂ ಎಂದು ಜಂಬುನಾಥ ಬಾಗಿಲಲ್ಲೇ ಹೇಳಿದ. ಪೂರ್ತಿ ಕೇಳಿದ್ದವಳು ಶಿವಬಸಮ್ಮ. ಆದರೆ ಅವಳಿಗೆ ತಿಳಿಯಿತೇ ಎಂದು ಯಾರೂ ಕೇಳಲಿಲ್ಲ.

ಕೆಲವು ವಾರಗಳಲ್ಲಿ ಕಂಪನಿ ಹುಟ್ಟಿತು. 'ಜಂಬುನಾಥ ಶಾಮಿಯಾನ ಅಂಡ್ ಇವೆಂಟ್ಸ್ ಪ್ರೈವೇಟ್ ಲಿಮಿಟೆಡ್.' ಕಂಪನಿಗೆ ಒಂದು ವಿಳಾಸ ಬೇಕಾದ್ದರಿಂದ, ತನ್ನ ಮನೆಯಲ್ಲಿ ಆಫೀಸು ಇರಲು ಅಡ್ಡಿಯಿಲ್ಲವೆಂದು ಶಿವಬಸಮ್ಮ ಬರೆದುಕೊಟ್ಟಳು. ಕಾಂಪೌಂಡಿಗೆ ಬೋರ್ಡು ಬಂತು. ಜಂಬುನಾಥ ಒಂದು ಜೊತೆ ಬಿಳಿ ಶೂ ತೆಗೆದುಕೊಂಡ. ಮ್ಯಾನೇಜಿಂಗ್ ಡೈರೆಕ್ಟರುಗಳು ಚಪ್ಪಲಿ ಹಾಕುವುದನ್ನು ಅವನು ಎಲ್ಲೂ ಕಂಡಿರಲಿಲ್ಲ.

ಇಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ತೊಂದರೆಯೆಲ್ಲಾ ಆ ಗೋಡೆಯದು. ಗೋಡೆಗೆ ಎರಡು ಮಗ್ಗಲು. ಯಾವ ಮಗ್ಗಲಲ್ಲಿರುವುದು ಸೇಫು? ಇದನ್ನು ಜಂಬುನಾಥ ತನ್ನ ಅನುಭವದಿಂದಲೇ ಬಗೆಹರಿಸಿಕೊಂಡ. ಕಾಂಪೌಂಡಿನ ಒಳಗಿಟ್ಟ ಕುರ್ಚಿ ಉಳಿಯುತ್ತದೆ, ಹೊರಗಿಟ್ಟದ್ದು ಹೋಗುತ್ತದೆ. ಕಂಪನಿಯೇ ಗೋಡೆಯಾದ ಮೇಲೆ ಕಂಪನಿಯೊಳಗೆ ಹೋದದ್ದು ಉಳಿಯಿತು, ಹೊರಗೆ ಬಿಟ್ಟದ್ದು ಕೆಟ್ಟಿತು. ಆದ್ದರಿಂದ ಮನೆಯ ಸಾಮಾನನ್ನೆಲ್ಲಾ ಒಂದೂ ಬಿಡದೆ ಕಂಪನಿಗೆ ಸೇರಿಸಿಬಿಡಬೇಕು. ಆ ಮೇಡಂ ಹೇಳಿದ್ದು ಹಾಗಲ್ಲ ಎಂದು ಶಿವಬಸಮ್ಮ ಒಮ್ಮೆ ಹೇಳಿನೋಡಿದಳು. ವ್ಯವಹಾರ ಹೆಣ್ಣುಮಕ್ಕಳಿಗೆ ತಿಳಿಯುವಂಥದ್ದಲ್ಲ ಎಂದು ಮ್ಯಾನೇಜಿಂಗ್ ಡೈರೆಕ್ಟರು ಡೈರೆಕ್ಟರಿಗೆ ತಿಳಿಸಿದರು. ಅವಳು ರೊಟ್ಟಿ ಬಡಿಯುತ್ತಾ ಕೂತಿದ್ದಲ್ಲೇ ಕಂಪನಿಯ ಮೊದಲ ಮೀಟಿಂಗು ನಡೆದು, ಮನೆಯ ಸಮಸ್ತ ಸಾಮಾನು ಇನ್ನು ಮುಂದೆ ಕಂಪನಿಯದೆಂದು ತೀರ್ಮಾನವಾಯಿತು. ಅವಳು ಹಿಟ್ಟಿನ ಕೈಯಲ್ಲೇ ಸಹಿ ಹಾಕಿದಳು. ಗಂಡ ಹಠಕ್ಕೆ ಬಿದ್ದಾಗ ಒಂದು ಸಹಿ ಹಾಕಿ ರೊಟ್ಟಿ ಹೊತ್ತದಂತೆ ನೋಡಿಕೊಳ್ಳುವುದು ಮೇಲೆಂಬುದು ಅವಳ ಬಹುಕಾಲದ ಅನುಭವ.

ನಮ್ಮ ಕಡೆ ಸ್ಟೀಲ್ ಪಾತ್ರೆ ಯಾರದೆಂದು ಹೇಳುವುದು ಅದರ ಮೈಮೇಲಿನ ಹೆಸರು. ಮದುವೆಗೆ ಕೊಟ್ಟ ಚೊಂಬಿಗೆ ಕೊಟ್ಟವರ ಹೆಸರು, ಗೃಹಪ್ರವೇಶದ ಡಬ್ಬಿಗೆ ಡಬ್ಬಿ ತಂದವರ ಹೆಸರು. ಹೆಸರಿಲ್ಲದ ಪಾತ್ರೆ ಓಣಿಯಲ್ಲಿ ಒಂದು ಸಾರಿ ಕಡ ಹೋದರೆ ತಿರುಗಿ ಬಂದೀತೆಂಬ ಭರವಸೆ ಇಲ್ಲ. ಹೀಗಾಗಿ ಜಂಬುನಾಥ ಮನೆಯ ಪಾತ್ರೆಗಳನ್ನೆಲ್ಲಾ ಗೋಣಿಚೀಲಕ್ಕೆ ತುಂಬಿಕೊಂಡು ಬೆಂಗಳೂರು ರೋಡಿನ ಪಾತ್ರೆ ಅಂಗಡಿಗೆ ಹೋಗಿ, ಹೆಸರು ಕೊರೆಯುವ ರಾಮಪ್ಪನ ಮುಂದೆ ಸುರಿದ. ಪ್ರತಿಯೊಂದಕ್ಕೂ ಕಂಪನಿಯ ಪೂರ್ಣ ಹೆಸರು ಬೀಳಬೇಕು.

ರಾಮಪ್ಪ ಕೊಳಗ, ಪರಾತ, ತಟ್ಟೆಗಳನ್ನು ಮುಗಿಸಿ ಚಮಚಕ್ಕೆ ಬಂದಾಗ ಕೈ ನಿಲ್ಲಿಸಿದ.

"ಚಮಚದ ಮ್ಯಾಲ ಇಷ್ಟುದ್ದ ಹೆಸರು ಹಿಡ್ಯಾಂಗಿಲ್ಲ ಜಂಬಣ್ಣ. ಯಾವುದರ ಒಂದು ಭಾಗ ಹೇಳು."

ಜಂಬುನಾಥ ಬಹಳ ಯೋಚಿಸಿದ. ತನ್ನ ಹೆಸರು ಬಿಟ್ಟರೆ ಬೇಸರ. ಆದರೆ ಕಾಪಾಡುವುದು ತನ್ನ ಹೆಸರಲ್ಲ, ಅದರ ಬಾಲ. ಹೀಗೆ ಆ ಮನೆಯ ಚಮಚಗಳ ಮೇಲೆಲ್ಲಾ ಬರೀ 'ಪ್ರೈ. ಲಿ.' ಎಂದು ಬಿತ್ತು.

ಪಾತ್ರೆ ಮುಗಿದ ಮೇಲೆ ಬಣ್ಣದ ಡಬ್ಬಿ ಬಂತು. ಮಂಚ, ಫ್ರಿಜ್ಜು, ಮಿಕ್ಸಿ, ದೇವರ ಜಗುಲಿಯ ಹಲಗೆ, ಒಂದನ್ನೂ ಬಿಡಲಿಲ್ಲ. ಕುರುಗೋಡಿನಿಂದ ಶಿವಬಸಮ್ಮನ ಅಣ್ಣ ದೊಡ್ಡಬಸವರಾಜ ತಂಗಿಯನ್ನು ನೋಡಲು ಬಂದವನು, ತಾನೇ ಮದುವೆಗೆ ಕೊಟ್ಟ ಬೀರುವಿನ ಎದೆಯ ಮೇಲೆ ಕಂಪನಿಯ ಹೆಸರು ಕಂಡು, ಉಣ್ಣಲು ಕೂತವನು ಅರ್ಧಕ್ಕೇ ಕೈ ತೊಳೆದುಕೊಂಡ. ನೀವು ಇವತ್ತು ಕಂಪನಿಯ ಅತಿಥಿ ಎಂದು ಜಂಬುನಾಥ ಅಂದದ್ದು ಅವನಿಗೆ ಇನ್ನೂ ಕೆಟ್ಟದಾಗಿ ಕೇಳಿಸಿತು. ಎದುರುಮನೆಯ ಗಂಗೋತ್ರಿ ಒಂದು ಬಟ್ಟಲು ಸಕ್ಕರೆ ಕಡ ಕೇಳಲು ಬಂದಳು. ಬಟ್ಟಲು ಕಂಪನಿಯದಾದ್ದರಿಂದ ಒಂದು ಚೀಟಿಗೆ ಸಹಿ ಹಾಕಬೇಕೆಂದು ಜಂಬುನಾಥ ಹೇಳಿದ. ಅವಳು ಸಕ್ಕರೆಯನ್ನು ಸೆರಗಿಗೆ ಸುರಿದುಕೊಂಡು, ಬಟ್ಟಲನ್ನು ಅವನ ಕೈಗೇ ಕೊಟ್ಟು ಹೋದಳು. ಸಂಜೆಯೊಳಗೆ ಓಣಿಯಲ್ಲಿ ಸುದ್ದಿಯಾಯಿತು. ಜಂಬಣ್ಣ ದಿವಾಳಿಯಾಗಿದ್ದಾನೆ, ಯಾವುದೋ ಕಂಪನಿಯವರು ಮನೆಯ ಸಾಮಾನಿಗೆಲ್ಲಾ ಮುದ್ರೆ ಒತ್ತಿ ಹೋಗಿದ್ದಾರೆ, ಪಾಪ, ಚಮಚಗಳನ್ನೂ ಬಿಟ್ಟಿಲ್ಲ. ಇಬ್ಬರು ಹಿರಿಯರು ಬಂದು ಶಿವಬಸಮ್ಮನಿಗೆ ಧೈರ್ಯ ಹೇಳಿ, ಚಹ ಕುಡಿದು ಹೋದರು.

ಇನ್ನು ಉಳಿದದ್ದು ಮನೆ. ಅದೂ ಕಂಪನಿಯ ಹೆಸರಿಗಾದರೆ ಜಂಬುನಾಥ ನಿಶ್ಚಿಂತ. ಮನೆ ಕಂಪನಿಗೆ ಬೇಕೆಂಬ ತೀರ್ಮಾನಕ್ಕೂ ಶಿವಬಸಮ್ಮ ತಕರಾರಿಲ್ಲದೆ ಸಹಿ ಹಾಕಿದಳು. ಆದರೆ ಪತ್ರ ನೋಂದಣಿಗೆ ಕರೆದಾಗಲೆಲ್ಲಾ ಅವಳಿಗೆ ಒಂದಲ್ಲ ಒಂದು ಅಡ್ಡಿ. ಒಮ್ಮೆ ಅಮಾವಾಸ್ಯೆ, ಒಮ್ಮೆ ಹಲ್ಲುನೋವು. ಕೊನೆಗೆ ಬರುವ ಸೋಮವಾರ ಎಂದು ಗೊತ್ತಾಯಿತು.

ಆ ಸೋಮವಾರದ ಹಿಂದಿನ ಶುಕ್ರವಾರ ಬಾದನಹಟ್ಟಿಯಲ್ಲಿ ಉಚ್ಚೆಂಗೆಪ್ಪನ ಮಗಳು ಹೇಮಾಳ ಮದುವೆ. ಉಚ್ಚೆಂಗೆಪ್ಪ ಮೆಣಸಿನಕಾಯಿ, ಹತ್ತಿ ಬೆಳೆಯುವವನು, ದನಿ ಏರಿಸದೆ ಮಾತಾಡುವವನು. ಬೀಗರು ರೂಪನಗುಡಿಯ ಭೀಮರಾಜನ ಕಡೆಯವರು, ದೊಡ್ಡ ಬಳಗ. ಬಾದನಹಟ್ಟಿಯದು ಎರೆ ಭೂಮಿ. ಮಳೆ ಬಿದ್ದ ಮರುದಿನ ಅದು ಬೆಣ್ಣೆ. ಅಲ್ಲಿ ಗೂಟ ಎರಡರಷ್ಟು ಆಳ ಹೋಗಬೇಕು, ಹೊಡೆದ ಮೇಲೆ ಒಂದೊಂದನ್ನೂ ಒದ್ದು ನೋಡಬೇಕು. ಇದನ್ನು ಜಂಬುನಾಥ ಸಾವಿರ ಮದುವೆಯಲ್ಲಿ ತಾನೇ ಮಾಡಿದ್ದ. ಈ ಸಾರಿ ಕಾಲಲ್ಲಿ ಬಿಳಿ ಶೂ. ಕೆಸರಿನ ಅಂಚಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, ಗೂಟ ಹೊಡೆಯುವವರಿಗೆ ಕೈಸನ್ನೆ ಮಾಡುತ್ತಾ, ಬಂದವರಿಗೆ ಕಾರ್ಡು ಹಂಚುತ್ತಿದ್ದ.

ತಾಳಿ ಸುಸೂತ್ರವಾಗಿ ಬಿತ್ತು. ಮೊದಲ ಪಂಕ್ತಿಯೂ ಸುಸೂತ್ರ. ಎರಡನೆಯ ಪಂಕ್ತಿಗೆ ಬೀಗರು ಕೂತು, ಎಲೆಗೆ ಪಾಯಸ ಬಿದ್ದು, ಬದನೆಕಾಯಿ ಎಣ್ಣೆಗಾಯಿ ಬರುತ್ತಿದೆ ಎನ್ನುವಾಗ ಗಾಳಿ ಎದ್ದಿತು. ಶಾಮಿಯಾನ ಬಿತ್ತು ಎಂದರೆ ಸುಳ್ಳಾದೀತು. ಅದು ಬೀಳಲಿಲ್ಲ, ಕೂತುಕೊಂಡಿತು. ಗೂಟಗಳು ಒಂದಾದ ಮೇಲೊಂದು ಮಣ್ಣಿನಿಂದ ನಯವಾಗಿ ಎದ್ದು ಬಂದವು, ಕಂಬಗಳು ನಮಸ್ಕಾರ ಮಾಡುವವರ ಹಾಗೆ ಬಾಗಿದವು, ಬಟ್ಟೆ ಸಾವಕಾಶವಾಗಿ ಇಳಿದು ಇಡೀ ಬೀಗರ ಬಳಗಕ್ಕೆ ಹೊದಿಕೆಯಾಯಿತು. ಯಾರಿಗೂ ಗಾಯವಾಗಲಿಲ್ಲ. ಸ್ವಲ್ಪ ಹೊತ್ತು ಬಟ್ಟೆಯ ಕೆಳಗಿಂದ ಮುದುಕನೊಬ್ಬ ಎಣ್ಣೆಗಾಯಿ ಎಲ್ಲಿಗೆ ಬಂತು ಎಂದು ಕೇಳುತ್ತಲೇ ಇದ್ದ. ಆದರೆ ಸಾರಿನ ಕೊಳಗ ಉರುಳಿ ಎಲೆಗಳ ಮೇಲೆ ಹರಿದಿತ್ತು. ಭೀಮರಾಜ ತಲೆಯ ಮೇಲಿನ ಪಾಯಸ ಒರೆಸಿಕೊಂಡು, ತನ್ನ ಬಳಗವನ್ನೆಲ್ಲಾ ಟೆಂಪೋಗಳಿಗೆ ಹತ್ತಿಸಿಕೊಂಡು, ಹೊಸ ಸೊಸೆಯ ಜೊತೆ ಉಪವಾಸ ಊರಿಗೆ ಹೋದ. ಇನ್ನು ಹೇಮಾ ಆ ಮನೆಯಲ್ಲಿ ಬಾಳುವಷ್ಟು ದಿನವೂ ಆ ಊಟದ ಮಾತು ಬರುವುದಿತ್ತು.

ಉಚ್ಚೆಂಗೆಪ್ಪ ಕೆಸರು ದಾಟಿ ಜಂಬುನಾಥನ ಹತ್ತಿರ ಬಂದ. ಅವನ ದನಿ ಆಗಲೂ ಏರಲಿಲ್ಲ.

"ನಮ್ಮ ಬೀಗರು ಹಸ್ಕೊಂಡು ಹೋದ್ರು. ಇದಕ್ಕೇನು ಮಾಡೂಣು?"

ಜಂಬುನಾಥ ಎದ್ದುನಿಂತು ಶರ್ಟಿನ ಕಾಲರು ಸರಿಮಾಡಿಕೊಂಡ. ಗುರುಸ್ವಾಮಿಯ ಕಾರ್ಡು ನೋಡಿದ ದಿನದಿಂದ ಅವನು ಕಾದಿದ್ದ ಗಳಿಗೆ ಇದೇ.

"ನನ್ನ ಕೇಳಬ್ಯಾಡ್ರಿ. ನಾನು ಬ್ಯಾರೆ, ಕಂಪನಿ ಬ್ಯಾರೆ. ತಪ್ಪು ಕಂಪನಿದು. ಕಂಪನಿನ್ನ ಕೇಳ್ರಿ."

ಉಚ್ಚೆಂಗೆಪ್ಪ ಕಂಪನಿ ಎಲ್ಲಿ ನಿಂತಿದೆಯೆಂದು ಆಚೀಚೆ ನೋಡಿದ.

"ಎಲ್ಲಿರತೈತಿ ಅದು?"

"ಸತ್ಯನಾರಾಯಣಪೇಟಿ. ನಮ್ಮ ಮನ್ಯಾಗ."

"ಆತು. ಸೋಮವಾರ ಅಲ್ಲಿಗೇ ಬರ್ತೀವಿ."

ಎರಡು ದಿನ ಜಂಬುನಾಥ ಹೆಂಡತಿಯೊಡನೆ ಬೇರೆ ಮಾತೇ ಆಡಲಿಲ್ಲ. ಸೋಮವಾರ ಅವರು ಬರುವುದರೊಳಗೆ ಮನೆ ಕಂಪನಿಗೆ ಸೇರಿಬಿಟ್ಟರೆ ಬದುಕಿದೆವು, ಇಲ್ಲವಾದರೆ ಬೀದಿ ಎಂದ. ಸೋಮವಾರ ಬೆಳಿಗ್ಗೆ ಅವನು ಪತ್ರಗಳ ಚೀಲ ಕಂಕುಳಲ್ಲಿಟ್ಟುಕೊಂಡು, ಆಟೋ ನಿಲ್ಲಿಸಿಕೊಂಡು ಬಾಗಿಲಲ್ಲಿ ಕಾದ. ಶಿವಬಸಮ್ಮ ಇಳಕಲ್ಲಿನ ಸೀರೆ ಉಟ್ಟಳು. ವಿಭೂತಿ ಹಚ್ಚಿಕೊಂಡಳು. ಬಿಚ್ಚಿ ಇನ್ನೊಂದು ಸೀರೆ ಉಟ್ಟಳು. ಜಡೆಗೆ ಹೂ ಮುಡಿಯಬೇಕೋ ಬೇಡವೋ ಎಂದು ಗಂಡನನ್ನೇ ಕೇಳಿದಳು. ಹೂವಿನ ಪ್ರಶ್ನೆ ತೀರುವ ಮೊದಲೇ ಓಣಿಯಲ್ಲಿ ಟ್ರ್ಯಾಕ್ಟರು ನಿಂತಿತು.

ಟ್ರೈಲರಿನಲ್ಲಿ ಉಚ್ಚೆಂಗೆಪ್ಪನ ತಮ್ಮಂದಿರು, ಮುಂದೆ ಉಚ್ಚೆಂಗೆಪ್ಪ, ಅವನ ಪಕ್ಕದಲ್ಲಿ ಬೀಗ ಭೀಮರಾಜ. ಓಣಿಯೆಲ್ಲಾ ಹೊರಗೆ ಬಂತು. ಗಂಗೋತ್ರಿ ಒಗೆದ ಬಟ್ಟೆಯನ್ನು ಎರಡನೆಯ ಸಾರಿ ಹರವತೊಡಗಿದಳು. ಬೀಗರಿಗೆ ಮತ್ತೆ ಮರ್ಯಾದೆಯ ಊಟ ಆಗಬೇಕು, ಅದು ಆಗುವ ತನಕ ಕಂಪನಿಯ ಸಾಮಾನು ತನ್ನ ಹತ್ತಿರ ಒತ್ತೆ ಇರಲಿ ಎಂದು ಉಚ್ಚೆಂಗೆಪ್ಪ ಹೇಳಿದ. ಮನುಷ್ಯನ ಮನೆಯ ಸಾಮಾನಿಗೆ ಕೈ ಹಚ್ಚುವುದಿಲ್ಲ, ಅದು ನ್ಯಾಯವಲ್ಲ ಎಂದೂ ಸೇರಿಸಿದ.

ಅಲ್ಲಿಗೆ ಸುಮ್ಮನಿದ್ದರೆ ಮುಗಿಯುತ್ತಿತ್ತು. ಆದರೆ ಜಂಬುನಾಥ ತಾನೇ ಅವರನ್ನು ಒಳಗೆ ಕರೆದ.

"ನೋಡ್ರಿ, ಮನಿ ಸಾಮಾನು ಅಂತ ಇಲ್ಲಿ ಒಂದೂ ಇಲ್ಲ. ಫ್ರಿಜ್ಜು ಕಂಪನಿದು, ಬರದೈತಿ ನೋಡ್ರಿ. ಮಂಚ ಕಂಪನಿದು. ಈ ಬೀರು ಕಂಪನಿದು."

ಅವನು ತೋರಿಸಿದ್ದನ್ನು ತೋರಿಸಿದಂತೆ ತಮ್ಮಂದಿರು ಎತ್ತಿ ಟ್ರೈಲರಿಗೆ ಹಾಕಿದರು. ಜಂಬುನಾಥನಿಗೆ ಇವರಿಗೆ ಓದಲು ಬರುವುದಿಲ್ಲವೇನೋ ಎನಿಸಿ, ಮಿಕ್ಸಿಯ ಹೆಸರನ್ನು ಗಟ್ಟಿಯಾಗಿ ಓದಿ ಹೇಳಿದ. ಮಿಕ್ಸಿಯೂ ಹೋಯಿತು. ಪಾತ್ರೆಗಳು ಹೋದವು. ಕೊನೆಗೆ ಚಮಚದ ಡಬ್ಬಿ ಹಿಡಿದ ತಮ್ಮನೊಬ್ಬ ಇದರ ಮೇಲೆ ಬರೀ ಪ್ರೈ. ಲಿ. ಇದೆ, ತಗೊಳ್ಳಬಹುದೋ ಇಲ್ಲವೋ ಎಂದು ಅನುಮಾನಪಟ್ಟಾಗ, ಅದು ಜಾಗ ಸಾಲದ್ದಕ್ಕೆ ಹಾಗಾದದ್ದು, ಖಂಡಿತಾ ಕಂಪನಿಯದೇ ಎಂದು ಜಂಬುನಾಥ ಆಣೆ ಮಾಡಿ ಹೇಳಿದ. ಚಮಚಗಳೂ ಬಾಗಿಲು ದಾಟಿದ ಮೇಲೆ ಖಾಲಿ ಪಡಸಾಲೆಯಲ್ಲಿ ತನ್ನ ಮಾತು ಮಾರ್ದನಿಗೊಡುವುದನ್ನು ಕೇಳಿ, ಎಲ್ಲೋ ಏನೋ ತಪ್ಪಿದೆ ಎಂದು ಅವನಿಗೆ ಮೊದಲ ಸಲ ಹೊಳೆಯಿತು. ಆಡಿಟರಿಗೆ ಫೋನು ಮಾಡಿದ.

ಸಂಘಮಿತ್ರಾ ಸ್ಕೂಟಿಯಲ್ಲಿ ಬಂದರು. ಕೋರ್ಟಿನ ಅಪ್ಪಣೆ ಇಲ್ಲದೆ ಯಾರೂ ಯಾರ ಸಾಮಾನನ್ನೂ ಹೀಗೆ ಒಯ್ಯುವಂತಿಲ್ಲ ಎಂದು ಮೊದಲು ಉಚ್ಚೆಂಗೆಪ್ಪನಿಗೆ ಹೇಳಿದರು. ಕೋರ್ಟಿಗೆ ಹೋಗಲು ಅಡ್ಡಿಯಿಲ್ಲ, ಆದರೆ ತೀರ್ಪು ಬರುವಷ್ಟರಲ್ಲಿ ಹೇಮಾಳ ಮಗಳ ಮದುವೆಯೂ ಆಗಿರುತ್ತದೆ ಎಂದು ಅವನು ಅಷ್ಟೇ ವಿನಯದಿಂದ ಉತ್ತರಿಸಿದ. ಆಮೇಲೆ ಅವರು ಜಂಬುನಾಥ ಕೊಟ್ಟ ಮೀಟಿಂಗಿನ ತೀರ್ಮಾನ ಓದಿದರು, ಟ್ರೈಲರಿನ ಕಡೆ ನೋಡಿದರು, ಮತ್ತೆ ಓದಿದರು.

"ನಿಮ್ಮ ಸಾಮಾನು ಉಳೀಲಿ ಅಂತ ನಾನು ಗೋಡಿ ಕಟ್ಟಿಕೊಟ್ಟೆ. ನೀವು ಎಲ್ಲಾ ಹೊತ್ಕೊಂಡು ಹೋಗಿ ಗೋಡಿ ಆಚಿಗೆ ಇಟ್ರಿ. ಕಂಪನಿ ತಪ್ಪಿಗೆ ಹೋಗೋದು ಕಂಪನಿ ಸಾಮಾನೇ ಅಲ್ಲೇನ್ರಿ? ನಿಮ್ಮ ಹೆಸರಿನಾಗ ಬಿಟ್ಟಿದ್ರ ಒಂದು ಚಮಚನೂ ಯಾರೂ ಕೇಳೂಹಂಗ ಇರಲಿಲ್ಲ."

ಜಂಬುನಾಥ ಪಡಸಾಲೆಯ ನೆಲಕ್ಕೇ ಕುಸಿದು ಕೂತ. ಕುರ್ಚಿ ಇದ್ದಿದ್ದರೆ ಕುರ್ಚಿಗೆ ಕುಸಿಯುತ್ತಿದ್ದ.

ಆಗ ಭೀಮರಾಜ ಕಾಂಪೌಂಡಿನ ಬೋರ್ಡನ್ನು ನೋಡಿದ, ತಲೆ ಎತ್ತಿ ಮನೆಯನ್ನು ನೋಡಿದ, ಈ ಮನೆ ಯಾರದು ಎಂದು ಕೇಳಿದ. ಗಂಗೋತ್ರಿಯ ಕೈಯಲ್ಲಿ ಒದ್ದೆ ಲಂಗ ಹಾಗೇ ನಿಂತಿತು. ಜಂಬುನಾಥನ ಚೀಲದಲ್ಲಿ ಮನೆ ಕಂಪನಿಗೆ ಬೇಕೆಂಬ ತೀರ್ಮಾನವಿತ್ತು, ಅದಕ್ಕೆ ಹೆಂಡತಿಯ ಸಹಿಯೂ ಇತ್ತು. ಅವನು ಚೀಲವನ್ನು ಬೆನ್ನ ಹಿಂದಕ್ಕೆ ಸರಿಸಿದ. ಅದನ್ನು ಎಲ್ಲರೂ ನೋಡಿದರು.

ಶಿವಬಸಮ್ಮ ಎರಡನೆಯ ಸೀರೆಯಲ್ಲಿ ಹೊರಗೆ ಬಂದು ಹೊಸ್ತಿಲ ಮೇಲೆ ನಿಂತಳು.

"ಆ ಕಾಗದದಾಗ ನಂದೇ ಸಹಿ ಐತ್ರಿ, ಸುಳ್ಳು ಹೇಳಾಂಗಿಲ್ಲ. ನಾನು ಕಂಪನಿ ಡೈರೆಕ್ಟರ್ ಅದೀನಿ. ಕಂಪನಿಗೆ ಮನಿ ಬೇಕು ಅಂತ ಡೈರೆಕ್ಟರ್ ಕೇಳ್ಯಾಳ. ಆದ್ರ ಮನಿ ಒಡತಿ ಬ್ಯಾರೆ ಅದಾಳ. ಆಕಿ ಕೊಡೂದಿಲ್ಲ ಅಂತಾಳ. ಮೇಡಂ ಆವತ್ತ ಹೇಳಿದ್ದು ನಾನು ಪೂರಾ ಕೇಳೀನಿ."

ಸಂಘಮಿತ್ರಾ ತಲೆ ಆಡಿಸಿದರು. ಕೇಳುವುದು ಬೇರೆ, ಕೊಡುವುದು ಬೇರೆ. ಒಡತಿ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಬರೆದುಕೊಡುವ ತನಕ ಮನೆ ಕಂಪನಿಯದಲ್ಲ ಎಂದರು. ಭೀಮರಾಜ ಬೀಗನ ಮುಖ ನೋಡಿದ. ಉಚ್ಚೆಂಗೆಪ್ಪ ಶಿವಬಸಮ್ಮನಿಗೆ ಕೈ ಮುಗಿದು, ನಿಮ್ಮ ಮನೆಗೆ ನಾವು ಬಂದಿಲ್ಲವ್ವ, ಕಂಪನಿಯ ಹತ್ತಿರ ಬಂದದ್ದು ಎಂದ. ಹಾಗಾದರೆ ಡೈರೆಕ್ಟರಾಗಿಯೂ ಒಂದು ಮಾತು ಹೇಳಿಬಿಡುತ್ತೇನೆ ಎಂದು ಅವಳು ಸೆರಗು ಸಿಕ್ಕಿಸಿಕೊಂಡಳು. ಬೀಗರ ಊಟ ಕಂಪನಿ ಹಾಕುತ್ತದೆ, ಬ್ಯಾಂಕಿನಲ್ಲಿರುವ ಕಂಪನಿಯ ದುಡ್ಡಿನಿಂದಲೇ. ಶಾಮಿಯಾನವೂ ಕಂಪನಿಯದೇ. ಗೂಟ ಮಾತ್ರ ಮ್ಯಾನೇಜಿಂಗ್ ಡೈರೆಕ್ಟರು ಬರಿಗಾಲಲ್ಲಿ ಹೊಡೆಯುತ್ತಾರೆ.

ಮುಂದಿನ ಭಾನುವಾರ ಬಾದನಹಟ್ಟಿಯಲ್ಲಿ ಊಟವಾಯಿತು. ಜಂಬುನಾಥ ಮೊಣಕಾಲ ತನಕ ಎರೆಮಣ್ಣು ಮೆತ್ತಿಕೊಂಡು ಒಂದೊಂದು ಗೂಟಕ್ಕೂ ಒದ್ದು ನೋಡಿದ. ಗಾಳಿ ಎದ್ದಿತು, ಶಾಮಿಯಾನ ನಿಂತಿತು. ಎಣ್ಣೆಗಾಯಿ ಎಲ್ಲಿಗೆ ಬಂತೆಂದು ಕೇಳಿದ್ದ ಮುದುಕನ ಎಲೆಗೆ ಅದು ಎರಡು ಸಲ ಬಂತು. ಹೇಮಾ ಮಾವನ ಮನೆಯವರಿಗೆ ತಾನೇ ಬಡಿಸಿದಳು. ಭೀಮರಾಜ ಕೈ ತೊಳೆದುಕೊಂಡು ಬಂದು, ಇನ್ನು ಹೋದ ಊಟದ ಮಾತು ತಮ್ಮ ಮನೆಯಲ್ಲಿ ಏಳುವುದಿಲ್ಲ ಎಂದ. ಮಗಳಿಗೆ ಕೇಳಿಸುವಂತೆ ಉಚ್ಚೆಂಗೆಪ್ಪ ಅದನ್ನು ಇನ್ನೊಮ್ಮೆ ಹೇಳಿಸಿದ. ಒತ್ತೆ ಹೋಗಿದ್ದ ಸಾಮಾನೆಲ್ಲಾ ಒಂದು ಚಮಚವೂ ಕಡಿಮೆಯಾಗದೆ ಲಗೇಜ್ ಆಟೋಕ್ಕೆ ಏರಿತು.

ಕತ್ತಲಾಗುವ ಹೊತ್ತಿಗೆ ಆಟೋ ಸತ್ಯನಾರಾಯಣಪೇಟೆಗೆ ಬಂದಾಗ ಬಾಗಿಲು ಹಾಕಿತ್ತು. ಹೊಸ್ತಿಲ ಈಚೆ, ಕಾಂಪೌಂಡಿನಿಂದ ಇಳಿಸಿದ ಬೋರ್ಡು ಗೋಡೆಗೆ ಆನಿಸಿ ನಿಂತಿತ್ತು. ಬಡಿಸುವ ಗಡಿಬಿಡಿಯಲ್ಲಿ ಇಡೀ ದಿನ ಒಂದು ತುತ್ತೂ ಉಣ್ಣದ ಜಂಬುನಾಥ ಬಾಗಿಲು ಬಡಿದ, ಹೊಟ್ಟೆ ಹಸಿದಿದೆ ಎಂದ.

ಒಳಗಿಂದ ಶಿವಬಸಮ್ಮನ ದನಿ ಬಂತು.

"ಯಾರು ಬಂದೀರಿ, ನೀವೋ ಕಂಪನಿನೋ?"

ಜಂಬುನಾಥ ಹಿಂದಕ್ಕೆ ತಿರುಗಿದ. ಆಟೋದಲ್ಲಿದ್ದ ಫ್ರಿಜ್ಜನ್ನೂ ಪಾತ್ರೆಗಳನ್ನೂ ನೋಡಿದ. ಬೋರ್ಡನ್ನು ನೋಡಿದ. ಮಣ್ಣು ಮೆತ್ತಿದ ತನ್ನ ಬರಿಗಾಲನ್ನು ನೋಡಿಕೊಂಡ. ಎದುರುಮನೆಯ ಕಿಟಕಿಯಲ್ಲಿ ಗಂಗೋತ್ರಿಯೂ ಉತ್ತರಕ್ಕೆ ಕಾದಿದ್ದಳು.

"ನಾನು," ಎಂದ.

"ನೀವಾದ್ರ ಬರ್ರಿ, ರೊಟ್ಟಿ ಬಿಸಿ ಅದಾವ. ಕಂಪನಿ ಉಂಡು ಬಂದಿರಬೇಕು, ಅದು ಹೊರಗ ಇರಲಿ."